ರೇಗಿಸಿ ಗೆಲ್ಲುವ ಆಟಕ್ಕೆ ಒಂದು ಗೆರೆ ಬೇಕು: ಗೋವಾದ ಪೋಕರ್ ಕೊಠಡಿಗಳ ವ್ಯವಸ್ಥಾಪಕರಿಗೆ ಮತ್ತು ಟೂರ್ನಮೆಂಟ್ ನಿರ್ದೇಶಕರಿಗೆ ಬಹಿರಂಗ ಪತ್ರ

ಮಾನ್ಯರೇ,

ಎದುರಾಳಿಯನ್ನು ಬೇಕೆಂದೇ ಕೆಣಕಿ, ಅವನ ತಲೆ ಕೆಟ್ಟ ಹೊತ್ತು ನೋಡಿ ಅವನ ಚಿಪ್ಸ್ (ಹಣದ ಬದಲಿಗೆ ಆಡುವ ಬಿಲ್ಲೆಗಳು) ಬಾಚಿಕೊಳ್ಳುವುದು ಪೋಕರ್‌ನಲ್ಲಿ ಎಲ್ಲಿಯವರೆಗೆ ಆಟ, ಎಲ್ಲಿಂದ ಮುಂದೆ ಅಡ್ಡದಾರಿ? ಹೆಚ್ಚಿನ ಕೊಠಡಿಗಳ ನಿಯಮಪಟ್ಟಿಯಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ 'ಸಭ್ಯವಾಗಿ ವರ್ತಿಸಿ' ಎಂಬ ಒಂದೇ ಸಾಲು. ಆ ಸಾಲನ್ನು ಹಿಡಿದು ಎಲೆ ಹಂಚುವ ಯಾವ ಡೀಲರೂ ಯಾರ ಬಾಯನ್ನೂ ಮುಚ್ಚಿಸಲಾರ. ಅದರ ಬದಲು ಜಾರಿಗೆ ತರಬಹುದಾದ ನಿಯಮ ಬರೆಯಿರಿ ಎಂದು ಕೇಳುವುದಕ್ಕೇ ಈ ಪತ್ರ.

ಈಗಲೇ ಕೇಳುವುದಕ್ಕೆ ಕಾರಣವಿದೆ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಪೋಕರ್ ಆ್ಯಪ್‌ಗಳು ಹಣದಾಟ ನಿಲ್ಲಿಸಿದವು. ಪರದೆಯ ಮೇಲೆ ಕಲಿತವರು ಆಡಲೇಬೇಕೆಂದರೆ ಈಗ ನಿಜವಾದ ಮೇಜಿಗೆ ಬರಬೇಕು, ಮತ್ತು ಕರ್ನಾಟಕದವರಿಗೆ ಆ ಮೇಜು ಎಂದರೆ ಬಹುಮಟ್ಟಿಗೆ ಗೋವಾದ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಲ್ಲಿರುವುದು. ಆ್ಯಪ್‌ಗಳಲ್ಲಿ ಎದುರಾಳಿಯ ಮುಖಕ್ಕೆ ಟೊಮೆಟೊ ಎಸೆಯುವ ಗುಂಡಿ ಇರುತ್ತಿತ್ತು. ಚಾಟ್ ಮುಚ್ಚಿಬಿಡುವ ಗುಂಡಿಯೂ ಪಕ್ಕದಲ್ಲೇ ಇರುತ್ತಿತ್ತು. ಮೊದಲನೆಯ ಗುಂಡಿಯ ಅಭ್ಯಾಸ ಮೇಜಿನವರೆಗೂ ಬಂದಿದೆ, ಎರಡನೆಯ ಗುಂಡಿ ಮೇಜಿನಲ್ಲಿಲ್ಲ.

ಇನ್ನೊಂದು ಸಂಗತಿ ಗೋವಾಕ್ಕೇ ವಿಶೇಷವಾದದ್ದು. 2020ರಿಂದ ಗೋವಾದ ನಿವಾಸಿಗಳಿಗೆ ಕ್ಯಾಸಿನೊ ಪ್ರವೇಶವಿಲ್ಲ. ಅಂದರೆ ನಿಮ್ಮ ಮೇಜಿನಲ್ಲಿ ಕೂತವರೆಲ್ಲ ಊರು ಬಿಟ್ಟು ಬಂದವರು. ಬೆಂಗಳೂರಿನಿಂದ, ಬೆಳಗಾವಿಯಿಂದ, ಹುಬ್ಬಳ್ಳಿಯಿಂದ ಎರಡು ರಾತ್ರಿಗೆಂದು ಬಂದವರಿಗೆ 'ಇವತ್ತು ಸಾಕು, ಮುಂದಿನ ವಾರ ನೋಡೋಣ' ಎಂದು ಏಳುವ ಸೌಲಭ್ಯವಿಲ್ಲ. ಕಳೆದುಕೊಂಡದ್ದನ್ನು ಬಸ್ಸು ಹೊರಡುವುದರೊಳಗೆ ಎತ್ತಬೇಕು. ರೇಗಿಸುವವನಿಗೆ ಇದಕ್ಕಿಂತ ಹದವಾದ ನೆಲ ಬೇಕೆ? ಹಲವೆಡೆ ಪ್ರವೇಶದ ಪ್ಯಾಕೇಜಿನಲ್ಲೇ ಮದ್ಯವೂ ಸೇರಿರುತ್ತದೆ ಎಂಬುದನ್ನು ನಿಮಗೆ ನೆನಪಿಸಬೇಕಾಗಿಲ್ಲ.

ಆಟಗಾರರು ಟಿಲ್ಟ್ ಎನ್ನುವ ಸ್ಥಿತಿ ಬರಿಯ ಸಿಟ್ಟಲ್ಲ. ಲೆಕ್ಕ ಗೊತ್ತಿದ್ದೂ ಲೆಕ್ಕದ ಪ್ರಕಾರ ಕೈ ನಡೆಯದಿರುವುದು. ಒಂಬತ್ತು ಜನರ ಮೇಜಿನಲ್ಲಿ ನೂರಕ್ಕೆ ಹದಿನೈದೋ ಇಪ್ಪತ್ತೋ ಕೈ (ಕೈ ಎಂದರೆ ಒಂದು ಸಲ ಹಂಚಿದ ಎಲೆಗಳು) ಆಡುವ ಎಚ್ಚರದ ಆಟಗಾರ ಟಿಲ್ಟ್ ಆದಾಗ ನಲವತ್ತಕ್ಕೆ ಏರುತ್ತಾನೆ. ಸೋತ ಚಿಪ್ಸಿನ ಜಾಗಕ್ಕೆ ಮರುಕ್ಷಣವೇ ಹೊಸ ಚಿಪ್ಸ್ ತರಿಸುತ್ತಾನೆ. ಇಡೀ ಮೇಜನ್ನು ನೋಡುವ ಬದಲು ಒಂದೇ ಸೀಟನ್ನು ದಿಟ್ಟಿಸುತ್ತಾನೆ, ಆ ಸೀಟಿನವನು ಬೆಟ್ ಕಟ್ಟಿದರೆ ಸಾಕು, ಮಡಿಸುವುದೇ (ಎಲೆ ಬಿಟ್ಟು ಹಿಂದೆ ಸರಿಯುವುದೇ) ಇಲ್ಲ. ಇವೆಲ್ಲ ಡೀಲರ್ ಕುರ್ಚಿಯಿಂದ ಸ್ಪಷ್ಟವಾಗಿ ಕಾಣುವ ಗುರುತುಗಳು.

ಇದರಿಂದ ಎಷ್ಟು ನಷ್ಟ ಎಂದು ಅಂಕಿಯಲ್ಲೇ ನೋಡಬಹುದು. ಪಾಟ್‌ನಲ್ಲಿ, ಅಂದರೆ ಮೇಜಿನ ನಡುವೆ ಸೇರಿದ ಪಣದಲ್ಲಿ, 100 ಇದೆ, ರಿವರ್‌ನಲ್ಲಿ, ಅಂದರೆ ಕೊನೆಯ ಎಲೆ ಬಿದ್ದ ಮೇಲೆ, ಎದುರಾಳಿ 75 ಕಟ್ಟಿದ ಎನ್ನಿ. ಕಾಲ್ ಮಾಡುವವನು ತನ್ನ 75 ಹಾಕಿ ಒಟ್ಟು 250ಕ್ಕೆ ಪೈಪೋಟಿ ನಡೆಸುತ್ತಾನೆ. ನೂರರಲ್ಲಿ ಮೂವತ್ತು ಸಲ ಗೆದ್ದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ತಲೆ ತಣ್ಣಗಿದ್ದವನು ಅಷ್ಟು ಸಾಧ್ಯತೆ ಇಲ್ಲದ ಕೈಯನ್ನು ಮಡಿಸುತ್ತಾನೆ. ರೊಚ್ಚಿಗೆದ್ದವನು ಹದಿನೈದು ಸಲ ಮಾತ್ರ ಗೆಲ್ಲಬಲ್ಲ ಕೈಯಲ್ಲೂ ಕಾಲ್ ಮಾಡುತ್ತಾನೆ. ಆಗ ಅಂಥ ಪ್ರತಿ ಕಾಲ್‌ಗೆ ಸರಾಸರಿ 37.5 ನಷ್ಟ, ಹಾಕಿದ ಹಣದ ಸರಿಯಾಗಿ ಅರ್ಧ. ಒಂದು ಸಂಜೆಯಲ್ಲಿ ಇಂಥ ಹತ್ತಾರು ನಿರ್ಧಾರ ಬರುತ್ತವೆ. ಕೆಣಕುವ ಮಾತಿಗೆ ಇಷ್ಟು ಬೆಲೆ ಇರುವುದರಿಂದಲೇ ಅದನ್ನು ಬರಿಯ ಒರಟುತನ ಎಂದು ತಳ್ಳಿಹಾಕಲಾಗದು. ಅದು ಹಣ ತರುವ ಉಪಾಯ.

ಕೆಣಕುವುದಕ್ಕೆ ಆರಿಸಿಕೊಳ್ಳುವ ಗಳಿಗೆಯೂ ಯಾದೃಚ್ಛಿಕವಲ್ಲ. ಒಬ್ಬನ ಬಳಿ ಎರಡು ಏಸ್, ಇನ್ನೊಬ್ಬನ ಬಳಿ ಎರಡು ಕಿಂಗ್. ಮೇಜಿನ ನಾಲ್ಕನೆಯ ಎಲೆ, ಟರ್ನ್, ಆದಮೇಲೂ ಏಸ್ ಮುಂದಿದೆ, ಹಣವೆಲ್ಲ ಒಳಗಿದೆ. ಕಾಣದ 44 ಎಲೆಗಳಲ್ಲಿ ಉಳಿದ ಎರಡು ಕಿಂಗ್‌ಗಳಲ್ಲೊಂದು ರಿವರ್‌ಗೆ ಬೀಳುತ್ತದೆ, 22ಕ್ಕೆ ಒಂದರ ಸಾಧ್ಯತೆ. ಸೋತವನು ಸರಿಯಾಗಿ ಆಡಿಯೇ ಸೋತ. 'ಅದೃಷ್ಟ ಇದ್ದವರಿಗೆ ಲೆಕ್ಕ ಯಾಕೆ ಬೇಕು ಗುರು' ಎಂಬ ಒಂದು ಮಾತು ಆಗ ಬಿದ್ದರೆ ಅದು ಮುಂದಿನ ಅರ್ಧ ಗಂಟೆ ಕೆಲಸ ಮಾಡುತ್ತದೆ. ಬೇರೆ ಹೊತ್ತಿನಲ್ಲಿ ಅದೇ ಮಾತಿಗೆ ಅವನೇ ನಕ್ಕು ಸುಮ್ಮನಾಗುತ್ತಿದ್ದ.

ಹಾಗೆಂದು ಎದುರಾಳಿಯ ಮನಸ್ಸನ್ನು ಮುಟ್ಟುವ ಎಲ್ಲವನ್ನೂ ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ಹಾಗೆ ಕೇಳುವವರು ಪೋಕರ್ ಆಡಿದವರಲ್ಲ. ಬ್ಲಫ್ ಮಾಡಿ ಗೆದ್ದು ಆ ಎಲೆಗಳನ್ನು ಮಗುಚಿ ತೋರಿಸುವುದು ಎದುರಾಳಿಗೆ ಉರಿಸುವ ಕೆಲಸ, ನಿಜ. ಆದರೆ ತೋರಿಸಿದವನು ಅದಕ್ಕೆ ಬೆಲೆ ತೆರುತ್ತಾನೆ, ತಾನು ಹೇಗೆ ಆಡುತ್ತೇನೆಂಬ ಗುಟ್ಟನ್ನು ಇಡೀ ಮೇಜಿಗೆ ಬಿಟ್ಟುಕೊಟ್ಟಿರುತ್ತಾನೆ. ಒಬ್ಬನೇ ಆಟಗಾರ ರೇಸ್ ಮಾಡಿದಾಗಲೆಲ್ಲ (ಬೆಟ್ ಏರಿಸಿದಾಗಲೆಲ್ಲ) ಅವನ ಮೇಲೆ ಮರು ರೇಸ್ ಹಾಕುತ್ತಾ ಹೋಗುವುದೂ ಹಾಗೆಯೇ. ತಾಳ್ಮೆ ಕೆಡುತ್ತದೆ, ಆದರೆ ಪ್ರತಿ ಸಲವೂ ಚಿಪ್ಸ್ ಅಪಾಯದಲ್ಲಿದೆ, ಎದುರಾಳಿ ಒಳ್ಳೆಯ ಕೈ ಹಿಡಿದು ಕಾದರೆ ಬುದ್ಧಿ ಕಲಿಸಬಹುದು. ಇವೆರಡೂ ಆಟ. 2006ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮೇನ್ ಇವೆಂಟ್‌ನಲ್ಲಿ 8,773 ಜನರ ನಡುವೆ ಗೆದ್ದು 1.2 ಕೋಟಿ ಡಾಲರ್ ಪಡೆದ ಜೇಮಿ ಗೋಲ್ಡ್ ಉದ್ದಕ್ಕೂ ಮಾತಾಡುತ್ತಲೇ ಆಡಿದರು. ತಮ್ಮ ಕೈಯ ಬಗ್ಗೆ ಒಮ್ಮೆ ನಿಜ ಹೇಳಿದರು, ಒಮ್ಮೆ ಸುಳ್ಳು ಹೇಳಿದರು. ಕೇಳಿದವರು ಗೊಂದಲಕ್ಕೆ ಬಿದ್ದರು, ಕೆಲವರು ಸಿಡಿಮಿಡಿಗೊಂಡರು. ಆದರೂ ಆ ಮಾತುಗಳ ವಿಷಯ ಎಲೆಗಳೇ ಆಗಿದ್ದವು.

ನಮ್ಮ ಗೆರೆ ಇದರಿಂದಲೇ ಹೊರಡುತ್ತದೆ. ಮಾತಾಗಲಿ ಮಾಡಿದ ಕೆಲಸವಾಗಲಿ, ಅದು ಮೇಜಿನ ಮೇಲಿರುವ ಎಲೆ, ಚಿಪ್ಸ್, ಬೆಟ್ ಇವುಗಳಿಗೆ ಸಂಬಂಧಿಸಿದ್ದೇ? ಅದನ್ನು ಮಾಡುವವನು ಅದಕ್ಕೆ ಆಟದೊಳಗೇ ಏನಾದರೂ ಬೆಲೆ ತೆರುತ್ತಿದ್ದಾನೆಯೇ? ಎರಡಕ್ಕೂ ಹೌದು ಎಂದರೆ ಬಿಟ್ಟುಬಿಡಿ, ಎಷ್ಟೇ ಉರಿಯಲಿ. ಎರಡಕ್ಕೂ ಇಲ್ಲ ಎಂದರೆ ನಿಲ್ಲಿಸಿ, ಮಾತು ಎಷ್ಟೇ ನಯವಾಗಿರಲಿ. ಎದುರಾಳಿಯ ಇಂಗ್ಲಿಷ್ ಉಚ್ಚಾರಣೆ, ಮೈಬಣ್ಣ, ಜಾತಿ, ಉದ್ಯೋಗ, ಜೊತೆಗೆ ಬಂದ ಹೆಂಡತಿ ಅಥವಾ ಸ್ನೇಹಿತೆ, ಕಳೆದ ಸಲ ಸೋತ ಮೊತ್ತ ಇವುಗಳ ಮೇಲಿನ ಮಾತಿಗೆ ಆಟದೊಳಗೆ ಯಾವ ಬೆಲೆಯೂ ಇಲ್ಲ. ಅದಕ್ಕೆ ಉತ್ತರ ಕೊಡಬಲ್ಲ ಕೈಯೂ ಐವತ್ತೆರಡು ಎಲೆಗಳಲ್ಲಿಲ್ಲ.

ನಡುವೆ ಉಳಿಯುವ ಬೂದು ಪ್ರದೇಶವೇ ಕಷ್ಟದ್ದು. ಅದೇ ವರ್ಲ್ಡ್ ಸೀರೀಸ್‌ನ 2016ರ ಮೇನ್ ಇವೆಂಟ್‌ನಲ್ಲಿ ಇಂಗ್ಲೆಂಡಿನ ವಿಲಿಯಂ ಕಸೂಫ್ ಪ್ರತಿ ನಿರ್ಧಾರಕ್ಕೂ ನಿಮಿಷಗಟ್ಟಲೆ ಕಳೆಯುತ್ತಾ ಎದುರಾಳಿಯ ಜೊತೆ ಎಡೆಬಿಡದೆ ಮಾತಾಡಿದರು. ಒಂಬತ್ತೇ ದೊಡ್ಡ ಎಲೆಯಾಗಿದ್ದ ಬರಿಯ ಕೈಯಲ್ಲಿ ಸ್ಟೇಸಿ ಮಟೂಸನ್ ಎಂಬ ಆಟಗಾರ್ತಿಯನ್ನು ಬ್ಲಫ್ ಮಾಡಿ ಮಡಿಸಿದ ಆಟ ಇಂದಿಗೂ ಚರ್ಚೆಯಲ್ಲಿದೆ. ಎಲೆಗಳ ಬಗ್ಗೆ ಆಡಿದ ಮಾತಿನ ಮಟ್ಟಿಗೆ ಅದು ಚಾಣಾಕ್ಷ ಬ್ಲಫ್ ಎಂಬುದು ನಮ್ಮ ಅಭಿಪ್ರಾಯ. ಮೇಜಿನಲ್ಲಿ ನಿಜವಾಗಿ ಸಿಟ್ಟು ತುಂಬಿಸಿದ್ದು ಮಾತಿಗಿಂತ ಹೆಚ್ಚಾಗಿ ಸಮಯ. ಎಂಟು ಜನರನ್ನು ಕಾಯಿಸಿ ಕೂರಿಸುವುದಕ್ಕೆ ಕಸೂಫ್ ಚಿಪ್ಸ್‌ನಲ್ಲಿ ಏನನ್ನೂ ತೆರುತ್ತಿರಲಿಲ್ಲ. ಕಡೆಗೆ ಕೆನಡಾದ ಗ್ರಿಫಿನ್ ಬೆಂಜರ್ ತಾಳ್ಮೆ ಕಳೆದುಕೊಂಡು ಎಲ್ಲರೆದುರು ಬೈದರು. ಆ ಕೈಯಲ್ಲಿ ಕಸೂಫ್ ಬಳಿ ಎರಡು ಕಿಂಗ್, ಬೆಂಜರ್ ಬಳಿ ಎರಡು ಏಸ್. ಕಸೂಫ್ 17ನೆಯವರಾಗಿ ಹೊರಬಿದ್ದರು. ಕೆಣಕುವವರು ಮರೆಯುವ ಸಂಗತಿ ಇದೇ: ಸಿಟ್ಟಾದವನ ಕೈಗೂ ಒಳ್ಳೆಯ ಎಲೆ ಬರುತ್ತದೆ. ಜೊತೆಗೆ ಅವನು ಮಡಿಸುವುದನ್ನು ಬಿಟ್ಟಿರುವುದರಿಂದ ಅವನ ಮೇಲೆ ಬ್ಲಫ್ ನಡೆಯುವುದಿಲ್ಲ. 100ರ ಪಾಟ್‌ಗೆ 75ರ ಬ್ಲಫ್ ಕಟ್ಟುವವನಿಗೆ ಎದುರಾಳಿ ನೂರಕ್ಕೆ ಸುಮಾರು 43 ಸಲ ಮಡಿಸಿದರೆ ಮಾತ್ರ ಹಾಕಿದ್ದು ವಾಪಸು ಬರುತ್ತದೆ. ರೇಗಿದವನಿಂದ ಅಷ್ಟು ಮಡಿಸುವಿಕೆ ಸಿಗದು.

ಸಮಯದ ಮಾತು ಬಂದದ್ದರಿಂದ ಸ್ಲೋ ರೋಲ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎಲ್ಲ ಬಗೆಯ ಕೆಣಕುವಿಕೆಯಲ್ಲಿ ಅತಿ ಹೆಚ್ಚು ಜಗಳ ತರುವುದು, ಅತಿ ಕಡಿಮೆ ಶಿಕ್ಷೆಯಾಗುವುದು ಇದೇ. ಎದುರಾಳಿ ರಿವರ್‌ನಲ್ಲಿ ಆಲ್ ಇನ್, ಅಂದರೆ ಇದ್ದ ಚಿಪ್ಸೆಲ್ಲ ಪಣಕ್ಕೆ, ಎಂದು ಹೇಳಿದ್ದಾನೆ. ನಿಮ್ಮ ಕೈಯಲ್ಲಿ ಸೋಲಲು ಸಾಧ್ಯವೇ ಇಲ್ಲದ ಎಲೆಗಳಿವೆ. ಯೋಚಿಸುವುದಕ್ಕೆ ಏನೂ ಇಲ್ಲ. ಆದರೂ ನಿಟ್ಟುಸಿರು ಬಿಟ್ಟು, ಚಿಪ್ಸ್ ಎಣಿಸಿ, ತಲೆಯಾಡಿಸಿ, ಎರಡು ನಿಮಿಷ ಬಿಟ್ಟು ಕಾಲ್ ಅನ್ನುತ್ತೀರಿ. ಆ ಎರಡು ನಿಮಿಷದಲ್ಲಿ ಎದುರಾಳಿಗೆ ತಾನು ಗೆದ್ದೆನೆಂಬ ಆಸೆ ಹುಟ್ಟಿಸಿ ಕಿತ್ತುಕೊಳ್ಳುವುದಷ್ಟೇ ಉದ್ದೇಶ. ಆಟದ ಲಾಭ ಇದರಲ್ಲಿ ಸೊನ್ನೆ, ಏಕೆಂದರೆ ಹಣವೆಲ್ಲ ಆಗಲೇ ಒಳಗಿದೆ. ಟೂರ್ನಮೆಂಟಿನಲ್ಲಿ ಆಲ್ ಇನ್ ಆಗಿ ಬೆಟ್ಟಿಂಗ್ ಮುಗಿದ ಕೂಡಲೇ ಎಲ್ಲರ ಎಲೆಗಳನ್ನೂ ಮಗುಚಬೇಕೆಂಬ ಟಿಡಿಎ (ಟೂರ್ನಮೆಂಟ್ ನಿರ್ದೇಶಕರ ಸಂಘ) ನಿಯಮವಿದೆ, ಹಾಗಾಗಿ ಅಲ್ಲಿ ಈ ಆಟವೆಲ್ಲ ಕಾಲ್ ಹೇಳುವ ಮುಂಚೆ ನಡೆಯುತ್ತದೆ. ಚಿಪ್ಸ್ ನೇರ ಹಣವೇ ಆಗಿರುವ ಕ್ಯಾಶ್ ಮೇಜಿನಲ್ಲಿ ಆ ನಿಯಮ ಸಾಮಾನ್ಯವಾಗಿ ಇರುವುದಿಲ್ಲ, ಕಾಲ್ ಆದಮೇಲೂ ಒಂದೊಂದೇ ಎಲೆ ತೋರಿಸುತ್ತಾ ಎಳೆಯಬಹುದು.

ಇಲ್ಲಿ ಒಂದು ಎಚ್ಚರಿಕೆ. ಹೊಸಬರು ತಮ್ಮದು ಫ್ಲಶ್ (ಒಂದೇ ಬಗೆಯ ಐದು ಎಲೆ) ಎಂದು ಗುರುತಿಸಲು ನಿಜವಾಗಿಯೂ ಹೊತ್ತು ತೆಗೆದುಕೊಳ್ಳುತ್ತಾರೆ. ಮೇಜಿನ ಮೇಲಿನ ಎಲೆಗಳಲ್ಲಿ ಜೋಡಿ ಬಿದ್ದಿದ್ದರೆ ತಮ್ಮ ಸ್ಟ್ರೇಟ್ (ಸಾಲಾಗಿ ಬರುವ ಐದು ಎಲೆ) ನಡೆಯುತ್ತದೆಯೋ ಇಲ್ಲವೋ ಎಂದು ಅನುಭವಿಯೂ ತಡವರಿಸುತ್ತಾನೆ, ಅದು ತಪ್ಪಲ್ಲ. ಆದ್ದರಿಂದ ಸ್ಲೋ ರೋಲ್‌ಗೆ ಮೊದಲ ಸಲವೇ ದಂಡ ಬೇಡ. ರಿವರ್‌ನಲ್ಲಿ, ಸೋಲಲಾಗದ ಕೈಯಲ್ಲಿ, ಆಲ್ ಇನ್ ಎದುರು, ಅದೇ ಆಟಗಾರ ಎರಡನೆಯ ಸಲ ಎಳೆದರೆ ಮಾತ್ರ ಮೇಜುಗಳ ಮೇಲ್ವಿಚಾರಕನಾದ ಫ್ಲೋರ್ ಮ್ಯಾನೇಜರ್ ಬರಲಿ. ಎಳೆಯುವ ಹೊತ್ತಿನಲ್ಲೇ ತಡೆಯಲು ಇರುವ ಸಾಧನ ಕ್ಲಾಕ್, ಅಂದರೆ ಯೋಚಿಸುವವನಿಗೆ ಸಮಯದ ಮಿತಿ ಹಾಕಿ ಎಂದು ಕೇಳುವುದು. ಟಿಡಿಎ ಪ್ರಕಾರ ಕ್ಲಾಕ್ ಕರೆದರೆ 25 ಸೆಕೆಂಡ್, ಆಮೇಲೆ 5 ಸೆಕೆಂಡಿನ ಎಣಿಕೆ. ಆದರೆ ಕ್ಲಾಕ್ ಕೂಡ ಕೆಣಕುವ ಆಯುಧವಾಗುತ್ತದೆ. ಒಬ್ಬನೇ ಆಟಗಾರನ ಮೇಲೆ, ಹತ್ತು ಸೆಕೆಂಡ್ ಆಗುವ ಮುಂಚೆಯೇ, ಪದೇ ಪದೇ ಕ್ಲಾಕ್ ಕೂಗುವವರಿದ್ದಾರೆ. ಅಂಥ ಕೂಗಿಗೆ ಡೀಲರ್ ಫ್ಲೋರ್ ಕರೆಯಬೇಕಾಗಿಲ್ಲ, 'ಸಾಕಷ್ಟು ಸಮಯ ಆಗಿಲ್ಲ' ಎಂದರೆ ಸಾಕು ಎಂಬುದನ್ನು ಅವರ ತರಬೇತಿಯಲ್ಲಿ ಸೇರಿಸಿ.

ಭಾಷೆಯ ವಿಷಯದಲ್ಲಿ ನಿಮ್ಮ ಕೊಠಡಿಗಳಿಗೆ ಒಂದು ಕುರುಡು ಜಾಗವಿದೆ. ಕೈ ನಡೆಯುತ್ತಿರುವಾಗ ಇಂಗ್ಲಿಷ್ ಅಥವಾ ಹಿಂದಿ ಮಾತ್ರ ಎಂಬ ನಿಯಮವನ್ನು ಹಲವೆಡೆ ಹೇಳುತ್ತಾರೆ. ಇಬ್ಬರು ತಮ್ಮ ಎಲೆಗಳ ಗುಟ್ಟನ್ನು ಹಂಚಿಕೊಂಡು ಆಡಬಾರದೆಂದು ಬಂದ ನಿಯಮ ಅದು. ಆದರೆ ಕೈ ಮುಗಿದು ಶಫಲ್ ಆಗುವ ಹೊತ್ತಿಗೆ ಅದು ಅನ್ವಯಿಸುವುದಿಲ್ಲ, ಕೆಣಕುವುದು ಆಗಲೇ. ಕನ್ನಡದಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಬಿದ್ದ ಮಾತು ಡೀಲರ್‌ಗೆ ಅರ್ಥವಾಗದು, ಯಾರಿಗೆ ಹೇಳಿದ್ದೋ ಅವನಿಗೆ ಮಾತ್ರ ಅರ್ಥವಾಗುತ್ತದೆ. ಅವನು ಇಂಗ್ಲಿಷಿನಲ್ಲಿ ಕೂಗಾಡಿದರೆ ಎಚ್ಚರಿಕೆ ಸಿಗುವುದು ಅವನಿಗೇ! ಪ್ರತಿ ಪಾಳಿಯಲ್ಲಿ ಕನ್ನಡ, ಮರಾಠಿ, ತೆಲುಗು ಬಲ್ಲ ಒಬ್ಬೊಬ್ಬರಾದರೂ ಫ್ಲೋರ್‌ನಲ್ಲಿರಲಿ. ಇಲ್ಲದಿದ್ದರೆ ದೂರು ಬಂದಾಗ ಆಡಿದ ಮಾತೇನು ಎಂದು ಮೇಜಿನ ಮೂರನೆಯವರೊಬ್ಬರನ್ನು ಬದಿಗೆ ಕರೆದು ಕೇಳುವ ಕ್ರಮ ಇರಲಿ.

ಇನ್ನು ನಿಮಗೆ ಹಿಡಿಸದ ಮಾತು. ಟಿಲ್ಟ್‌ನಿಂದ ಗಳಿಸುವವರಲ್ಲಿ ಕೊಠಡಿಯೂ ಒಬ್ಬ. ರೇಕ್ ಎಂದರೆ ಕೊಠಡಿ ತೆಗೆದುಕೊಳ್ಳುವ ಪಾಟ್‌ನ ಪಾಲು, ಒಂದು ಮಿತಿಯವರೆಗೆ. ಫ್ಲಾಪ್ (ಮೇಜಿನ ಮೊದಲ ಮೂರು ಎಲೆ) ಬೀಳದಿದ್ದರೆ ರೇಕ್ ಇಲ್ಲ ಎಂಬ ಪದ್ಧತಿ ಇರುವಲ್ಲಿ ಹೆಚ್ಚು ಕೈ ಆಡುವವನೊಬ್ಬ ಇದ್ದರೆ ಹೆಚ್ಚು ಫ್ಲಾಪ್, ದೊಡ್ಡ ಪಾಟ್, ಮಿತಿ ಮುಟ್ಟುವ ರೇಕ್. ಟೂರ್ನಮೆಂಟಿನಲ್ಲಿ ಸಿಟ್ಟಿನಿಂದ ಹೊರಬಿದ್ದವನು ಅದೇ ಸಿಟ್ಟಿನಲ್ಲಿ ಮತ್ತೆ ಪ್ರವೇಶ ಶುಲ್ಕ ಕಟ್ಟುತ್ತಾನೆ, ಅದರಲ್ಲೂ ನಿಮ್ಮ ಪಾಲಿದೆ. ನೀವು ಬೇಕೆಂದೇ ಸುಮ್ಮನಿರುತ್ತೀರಿ ಎಂದು ನಾವು ಆರೋಪಿಸುತ್ತಿಲ್ಲ. ಆದರೆ ಸುಮ್ಮನಿದ್ದರೆ ಲಾಭವಾಗುವ ಜಾಗದಲ್ಲಿ ಕೂತವರು 'ಇದು ಆಟಗಾರರ ನಡುವಿನ ವಿಷಯ' ಎನ್ನುವಂತಿಲ್ಲ. ವ್ಯಾಪಾರದ ದೃಷ್ಟಿಯಿಂದಲೇ ಯೋಚಿಸಿದರೂ ಲೆಕ್ಕ ತಿರುಗುತ್ತದೆ: ರಜೆಗೆಂದು ಬಂದು ಖುಷಿಗೆ ಆಡುವವನು ಅವಮಾನವಾದ ಮೇಜಿಗೆ ಎರಡನೆಯ ಸಲ ಬರುವುದಿಲ್ಲ. ಅವನಿಲ್ಲದ ಮೇಜಿನಲ್ಲಿ ಉಳಿಯುವವರು ಒಬ್ಬರನ್ನೊಬ್ಬರು ನೋಡಿಕೊಂಡು ಮಡಿಸುತ್ತಾ ಕೂರುವ ವೃತ್ತಿಪರರು.

ಹಾಗಾದರೆ ಏನು ಮಾಡಬೇಕು? ಟೂರ್ನಮೆಂಟಿನಲ್ಲಿ ದಾರಿ ಸುಲಭ, ಟಿಡಿಎ ನಿಯಮಗಳಲ್ಲೇ ಮೆಟ್ಟಿಲುಗಳಿವೆ. ಮೊದಲು ಬಾಯಿಮಾತಿನ ಎಚ್ಚರಿಕೆ, ಆಮೇಲೆ ಕೆಲವು ಕೈ ಅಥವಾ ಒಂದಿಡೀ ಸುತ್ತು ಮೇಜಿನಿಂದ ಹೊರಗೆ, ಕೊನೆಗೆ ಅನರ್ಹತೆ. ಹೊರಗಿರುವಾಗ ಅವನ ಪಾಲಿನ ಬ್ಲೈಂಡ್ (ಸರದಿ ಬಂದಾಗ ಕಟ್ಟಲೇಬೇಕಾದ ಮೊತ್ತ) ಕತ್ತರಿಸಿಹೋಗುತ್ತಲೇ ಇರುತ್ತದೆ, ಹಾಗಾಗಿ ಶಿಕ್ಷೆ ಚಿಪ್ಸ್‌ನಲ್ಲೇ ತಾಗುತ್ತದೆ. ಕ್ಯಾಶ್ ಮೇಜಿನಲ್ಲಿ ಆ ದಾರಿ ಇಲ್ಲ. ಹೊರಗೆ ಕಳಿಸಿದರೆ ಅವನು ಕಾಫಿ ಕುಡಿದು ಬರುತ್ತಾನೆ, ಅಷ್ಟೆ. ಅಲ್ಲಿ ತಾಗುವುದು ಸೀಟು. ಕೆಣಕುವವನಿಗೆ ಬೇಕಾದದ್ದು ಗುರಿಯಾದವನ ಎಡಗಡೆಯ ಸೀಟು. ಅಲ್ಲಿ ಕೂತರೆ ಗುರಿಯಾದವನು ಆಡಿದ ಮೇಲೆ ತನ್ನ ಸರದಿ, ಅವನು ರೇಸ್ ಮಾಡಿದ ಕೂಡಲೇ ದೊಡ್ಡ ಮೊತ್ತ ಹಾಕಿ ಉಳಿದವರನ್ನೆಲ್ಲ ಓಡಿಸಿ ಇಬ್ಬರೇ ಉಳಿಯುವಂತೆ ಮಾಡಬಹುದು. ಸೀಟು ಬದಲಿಸಿಕೊಡಿ ಎಂದು ಕೇಳುವುದು ಯಾರದೇ ಹಕ್ಕು. ಆದರೆ ಎಚ್ಚರಿಕೆ ಪಡೆದವನಿಗೆ, ಯಾರನ್ನು ಕೆಣಕಿ ಎಚ್ಚರಿಕೆ ಬಂತೋ ಅವರ ಎಡಗಡೆಯ ಎರಡು ಸೀಟುಗಳು ಆ ದಿನ ಸಿಗಬಾರದು. ಆಗಲೇ ಅಲ್ಲಿ ಕೂತಿದ್ದರೆ ಬೇರೆ ಸೀಟಿಗೋ ಬೇರೆ ಮೇಜಿಗೋ ಹೋಗಬೇಕು. ಎರಡನೆಯ ಎಚ್ಚರಿಕೆಗೆ ಚಿಪ್ಸ್ ಎತ್ತಿಕೊಂಡು ಆ ದಿನಕ್ಕೆ ಕೊಠಡಿಯಿಂದ ಹೊರಗೆ.

ಡೀಲರ್ ಬಾಯಲ್ಲಿ ಬರಬೇಕಾದ ಮಾತೂ ಸಿದ್ಧವಿರಲಿ, ಏಕೆಂದರೆ ಟಿಪ್ ಕೊಡುವ ಗ್ರಾಹಕನನ್ನು ಗದರಿಸಲು ಯಾವ ಡೀಲರ್‌ಗೂ ಧೈರ್ಯ ಸಾಲದು. 'ಸರ್, ಕೈಯ ಬಗ್ಗೆ ಮಾತ್ರ' ಎಂಬ ಒಂದೇ ವಾಕ್ಯ ಸಾಕು. ಯಾರ ಪಕ್ಷವನ್ನೂ ಹಿಡಿಯದೆ, ಯಾರನ್ನೂ ಬೈಯದೆ ನಿಯಮವನ್ನು ಹೇಳಿದಂತಾಗುತ್ತದೆ. ಎರಡನೆಯ ಸಲ ಹೇಳಬೇಕಾಗಿ ಬಂದರೆ ಡೀಲರ್ ವಾದ ಮಾಡದೆ ಫ್ಲೋರ್ ಕರೆಯಬೇಕು, ಮುಂದಿನ ಕೈ ಹಂಚಬಾರದು. ಕೈ ನಡುವೆ ಇರುವಾಗ ಮಾತ್ರ ನಿಲ್ಲಿಸಬೇಡಿ. ನಿಂತ ಆಟವೇ ಕೆಣಕುವವನಿಗೆ ಇನ್ನೊಂದು ವೇದಿಕೆ, ಮತ್ತು ಎದುರಾಳಿಯ ಮುಖ ಓದಲು ಬಿಟ್ಟಿ ಸಮಯ.

ಮದ್ಯದ ಬಗ್ಗೆ ಎರಡೇ ಮಾತು. ಎದುರಾಳಿಗೆ ತನ್ನ ಖರ್ಚಿನಲ್ಲಿ ಗ್ಲಾಸಿನ ಮೇಲೆ ಗ್ಲಾಸು ತರಿಸುವುದು ಸ್ನೇಹ ಎಂಬ ಹೆಸರಿನಲ್ಲಿ ನಡೆಯುತ್ತದೆ. ಮೇಜಿಗೆ ಬರುವ ಪ್ರತಿ ಗ್ಲಾಸನ್ನೂ ಕುಡಿಯುವವನೇ ಕೇಳಿರಬೇಕು ಎಂದು ವೇಟರ್‌ಗಳಿಗೆ ಹೇಳಿಬಿಡಿ.

ನಮಗೆ ಬರುವ ಆಕ್ಷೇಪ ಗೊತ್ತಿದೆ. ಮನಸ್ಸನ್ನು ಹಿಡಿತದಲ್ಲಿಟ್ಟುಕೊಳ್ಳುವುದೇ ಪೋಕರ್‌ನ ಅರ್ಧ ಕೌಶಲ, ರೇಗುವವನು ಮನೆಯಲ್ಲಿರಲಿ ಎನ್ನುತ್ತಾರೆ. ಅರ್ಧ ನಿಜ. 22ಕ್ಕೆ ಒಂದರ ಎಲೆ ಬಿದ್ದಾಗ, ಐದು ಗಂಟೆ ಒಳ್ಳೆಯ ಕೈ ಬಾರದಿದ್ದಾಗ, ತೋರಿಸಿದ ಬ್ಲಫ್ ಉರಿಸಿದಾಗ ತಣ್ಣಗಿರುವುದು ಖಂಡಿತ ಕೌಶಲ, ಅದಕ್ಕೆ ನಿಯಮದ ರಕ್ಷಣೆ ಬೇಡ. ಆದರೆ ತಾಯಿಯ ಹೆಸರೆತ್ತಿ ಬೈದಾಗ ತಣ್ಣಗಿರುವುದನ್ನು ಪೋಕರ್ ಕೌಶಲ ಎನ್ನುವುದಾದರೆ, ಬೈಯುವುದನ್ನೂ ಪೋಕರ್ ಕೌಶಲ ಎನ್ನಬೇಕಾಗುತ್ತದೆ. ಶಕುನಿಯ ಹೆಸರು ಎಳೆದು ತರುವವರಿಗೆ: ಆ ತಕರಾರೇ ಬೇರೆ, ಅಲ್ಲಿ ದಾಳದ ಮೇಲೂ ಅನುಮಾನವಿತ್ತು.

ಕೌಶಲದ ಈ ಪ್ರಶ್ನೆಯನ್ನು ಹಗುರವಾಗಿ ಬಿಡುವಂತಿಲ್ಲ, ಏಕೆಂದರೆ ನ್ಯಾಯಾಲಯಗಳಲ್ಲಿ ಪೋಕರ್ ನಿಂತಿರುವುದೇ ಅದರ ಮೇಲೆ. ಅದೃಷ್ಟಕ್ಕಿಂತ ಕೌಶಲ ಮೇಲುಗೈಯಾಗಿರುವ ಆಟ ಜೂಜಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1957ರಲ್ಲಿ ಹೇಳಿತು, 1967ರಲ್ಲಿ ರಮ್ಮಿಯನ್ನು ಕೌಶಲದ ಆಟ ಎಂದಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್, ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಪರವಾನಗಿ ಬೇಕಿಲ್ಲ ಎಂದಿತು. 2022ರ ಫೆಬ್ರುವರಿಯಲ್ಲಿ ರಾಜ್ಯದ ಪೊಲೀಸ್ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯ ಆನ್‌ಲೈನ್ ಆಟಗಳ ನಿಷೇಧದ ಭಾಗವನ್ನು ರದ್ದು ಮಾಡಿದ್ದೂ ಅದೇ ಹೈಕೋರ್ಟ್. ಗುಜರಾತ್ ಹೈಕೋರ್ಟ್ 2017ರಲ್ಲಿ ಇದಕ್ಕೆ ವಿರುದ್ಧವಾಗಿ, ಪೋಕರ್ ಅದೃಷ್ಟದ ಆಟ ಎಂದು ಹೇಳಿದೆ. ಅಂದರೆ ಪ್ರಶ್ನೆ ಮುಗಿದಿಲ್ಲ. ಸಂಭವನೀಯತೆಯ ಲೆಕ್ಕ, ಎದುರಾಳಿಯ ಓದು, ಹಣದ ನಿರ್ವಹಣೆ ಇವು ಕೌಶಲ ಎಂದು ವಕೀಲರು ವಾದಿಸುತ್ತಿರುವಾಗ, ನಿಮ್ಮ ಮೇಜುಗಳಲ್ಲಿ ಗೆಲುವು ಬರುವುದು ಕುಡಿದವನನ್ನು ಅವಮಾನಿಸಿ ಎಂದಾದರೆ ಆ ವಾದ ಮಾಡುವವರ ಕೆಲಸ ಕಷ್ಟವಾಗುತ್ತದೆ.

ಆದ್ದರಿಂದ ಬರೆದಿಡುವುದರಿಂದ ಶುರು ಮಾಡಿ. ನಿಯಮವನ್ನು ಅಂಗೈಯಗಲದ ಕಾರ್ಡಿನಲ್ಲಿ ಇಂಗ್ಲಿಷ್, ಹಿಂದಿ, ಕನ್ನಡ, ಮರಾಠಿ, ತೆಲುಗಿನಲ್ಲಿ ಅಚ್ಚು ಹಾಕಿಸಿ, ಮೊದಲ ಚಿಪ್ಸ್ ಕೊಡುವಾಗಲೇ ಕೈಗೆ ಕೊಡಿ. ಕಾರ್ಡಿನಲ್ಲಿ ನಾಲ್ಕು ವಾಕ್ಯ ಸಾಕು: ಕೈಯ ಬಗ್ಗೆ ಮಾತಾಡಬಹುದಾದಲ್ಲಿ ಕೈಯ ಬಗ್ಗೆ ಮಾತ್ರ, ಸೋಲಲಾಗದ ಕೈ ಹಿಡಿದು ಬೇಕೆಂದೇ ಎಳೆದಾಡಿದರೆ ಎಚ್ಚರಿಕೆ, ಎಚ್ಚರಿಕೆಯಾದ ಮೇಲೆ ಸೀಟು ನಮ್ಮ ನಿರ್ಧಾರ, ದೂರನ್ನು ಡೀಲರ್‌ಗೆ ಹೇಳದೆ ನೇರ ಫ್ಲೋರ್‌ಗೆ ಹೇಳಬಹುದು. ಫ್ಲೋರ್ ಮೇಜಿನ ಮೇಲೆ ಒಂದು ಪುಸ್ತಕವಿರಲಿ. ದಿನಾಂಕ, ಮೇಜಿನ ಸಂಖ್ಯೆ, ಸೀಟಿನ ಸಂಖ್ಯೆ, ಆಡಿದ ಮಾತು ಯಾವ ಭಾಷೆಯಲ್ಲಿ, ತೆಗೆದುಕೊಂಡ ಕ್ರಮ. ಪಾಳಿ ಬದಲಾಗುವಾಗ ಹೊಸ ಫ್ಲೋರ್ ಮ್ಯಾನೇಜರ್ ಅದನ್ನು ಓದಿ ಸಹಿ ಹಾಕಲಿ, ಇಲ್ಲವಾದರೆ ರಾತ್ರಿ ಎಚ್ಚರಿಕೆ ಪಡೆದವನು ಬೆಳಗಿನ ಪಾಳಿಯಲ್ಲಿ ಅದೇ ಎಡಗಡೆಯ ಸೀಟನ್ನು ಕೇಳಿ ಪಡೆದುಕೊಳ್ಳುತ್ತಾನೆ.

ಇಂತಿ,
ಕನ್ನಡ ಬಲ್ಲ ಕೆಲವು ಪೋಕರ್ ಆಟಗಾರರು ಮತ್ತು ಡೀಲರುಗಳು